ನಾಲ್ಕು ಕಡೆ ಕೈಮುಗಿಯುತ್ತೇನೆ, ನೆಮ್ಮದಿ ಮಾತ್ರ ಇಲ್ಲ

ಓದುಗರ ಪ್ರಶ್ನೆ: ನನಗೆ 39 ವರ್ಷ. ದಾವಣಗೆರೆಯಲ್ಲಿದ್ದೇವೆ. ನಮ್ಮದು ಲಿಂಗಾಯತ ಮನೆತನ, ಚಿಕ್ಕವಳಿದ್ದಾಗಲೇ ಲಿಂಗದೀಕ್ಷೆ ಆಗಿದೆ. 2021ರಲ್ಲಿ ನಮ್ಮ ಮನೆಯವರಿಗೆ ಕೊರೊನಾ ಬಂದು ತುಂಬಾ ದಿನ ಆಕ್ಸಿಜನ್ ಮೇಲಿದ್ದರು. ಆಗ ಯಾರು ಏನು ಹೇಳಿದರೂ ಹರಕೆ ಹೊತ್ತೆ. ದುಗ್ಗಮ್ಮನಿಗೆ ಉಡಿ, ಹರಿಹರದ ಚರ್ಚಿನ ಆರೋಗ್ಯ ಮಾತೆಗೆ ಮೇಣದಬತ್ತಿ, ತವರೂರಿನ ದರ್ಗಾಕ್ಕೆ ಚಾದರ. ಅವರು ಉಳಿದರು. ಆಮೇಲೆ ನನಗೆ ನಿದ್ದೆ ಹೋಯಿತು. ಗೆಳತಿಯೊಬ್ಬಳು ಉಸಿರು ನೋಡುವ ಧ್ಯಾನ ಹೇಳಿಕೊಟ್ಟಳು. ಈಗ ದಿನಾ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಲಿಂಗಪೂಜೆ, ಆಮೇಲೆ ಮಾತೆಯ ಫೋಟೋ ಮುಂದೆ ಮೇಣದಬತ್ತಿ, ದರ್ಗಾದ ಫೋಟೋಗೆ ಊದುಬತ್ತಿ, ಕೊನೆಗೆ ಧ್ಯಾನ. ನಡುವೆ ಯಾರಾದರೂ ಮಾತಾಡಿಸಿದರೆ, ಇಲ್ಲವೇ ಮನಸ್ಸಿಗೆ ಕೆಟ್ಟ ಯೋಚನೆ ಬಂದರೆ ಮತ್ತೆ ಮೊದಲಿಂದ. ಎರಡು ಗಂಟೆ ಹಿಡಿಯುತ್ತದೆ, ಕೆಲಸಕ್ಕೆ ತಡವಾಗುತ್ತದೆ. ನಾದಿನಿ 'ಎರಡು ದೋಣಿ ಮೇಲೆ ಕಾಲಿಟ್ಟವಳು ನೀನು' ಅನ್ನುತ್ತಾಳೆ. ಕಳೆದ ತಿಂಗಳು 12 ವರ್ಷದ ಮಗಳು ಆಟಕ್ಕೆ ಮೇಣದಬತ್ತಿ ಊದಿ ಆರಿಸಿದಳು. ನಾಲ್ಕನೇ ದಿನಕ್ಕೆ ಅವಳಿಗೇ ಜ್ವರ, ಟೈಫಾಯಿಡ್. ಜ್ಯೋತಿಷಿಯೊಬ್ಬರು 'ನಿಮ್ಮ ಮನೆಯಲ್ಲಿ ದೇವರು ದೇವರಿಗೇ ಜಗಳ ನಡೆಯುತ್ತಿದೆ' ಎಂದು ಪರಿಹಾರಕ್ಕೆ 11 ಸಾವಿರ ಕೇಳಿದ್ದಾರೆ. ದರ್ಗಾದ ಚಾದರ ಇನ್ನೂ ಬಾಕಿ ಇದೆ. ಮಗಳು 'ಅಮ್ಮಾ, ನಾವು ಯಾರು?' ಅಂತ ಕೇಳುತ್ತಾಳೆ. ನಾನು ಮಾಡಿದ್ದು ತಪ್ಪೇ? ಒಂದನ್ನೇ ಆರಿಸಿಕೊಳ್ಳಬೇಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ದೇವರುಗಳೇ ಕಂಡವು. ಎರಡನೇ ಸಲ 'ಮತ್ತೆ ಮೊದಲಿಂದ' ಅನ್ನುವ ಎರಡು ಪದಗಳ ಮೇಲೆ ಕಣ್ಣು ನಿಂತಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದೇ ಊರಲ್ಲಿ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಹಲವು ಕಡೆ ಕೈಮುಗಿಯುವವರು ನೂರಾರು ಜನ ಬಂದು ಹೋಗಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಅದು ಒಂದು ಕಷ್ಟವೇ ಆಗಿರಲಿಲ್ಲ, ಮಾತಿನ ನಡುವೆ ಸುಮ್ನೆ ಬಂದು ಹೋಗುವ ವಿಷಯ ಅಷ್ಟೇ. ನಿಮಗೆ ಮಾತ್ರ ಅದು ಉರುಳಾಗಿದೆ. ಹಾಗಾಗಿ ನಿಮ್ಮ ಪತ್ರವನ್ನು ಎರಡಾಗಿ ಒಡೆದುಕೊಳ್ಳುತ್ತೇನೆ. ನಂಬಿಕೆಯ ಪ್ರಶ್ನೆ ಒಂದು. ಭಯದ ಪ್ರಶ್ನೆ ಇನ್ನೊಂದು. ಎರಡೂ ಒಂದೇ ತಟ್ಟೆಯಲ್ಲಿ ಕಲೆಸಿಹೋಗಿವೆ.

ಮೊದಲು ನಂಬಿಕೆ. ಇದನ್ನು ನೀವು ಹೊಸದಾಗಿ ಶುರು ಮಾಡಿದ್ದಲ್ಲ. ನಮ್ಮ ಪಕ್ಕದ ಹರಿಹರದ ಊರ ಹೆಸರೇ ಎರಡು ದೇವರ ಹೆಸರು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಆ ಗುಡಿಯ ಮೂರ್ತಿಯಲ್ಲಿ ಬಲಗಡೆ ಹರ, ಎಡಗಡೆ ಹರಿ. ಹರಿಯಿಂದಲೂ ಹರನಿಂದಲೂ ಸಾಯದ ಹಾಗೆ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರು ಅನ್ನುವುದು ಕಥೆ. ಆಚೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದರೆ ಅಶೋಕನ ಶಾಸನ ಇರುವ ಬಂಡೆ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಗುರುತಿಸುವ ಮುಂಚೆ ಅಲ್ಲಿನವರಿಗೆ ಅದು ಬರೀ 'ಅಕ್ಷರಗುಂಡು'. ಬೌದ್ಧ ದೊರೆಯೊಬ್ಬ ತಂದೆತಾಯಿಯ ಮಾತು ಕೇಳಿ, ನಿಜ ಹೇಳಿ ಎಂದು ಬರೆಸಿದ ಬಂಡೆ ಅದು. ಊರವರು ಅದಕ್ಕೆ ಔಷಧಿ ಗುಣ ಇದೆ ಎಂದು ನಂಬಿಕೊಂಡಿದ್ದರು. ಬೇರೆಯವರ ನಂಬಿಕೆಯನ್ನು ನಮ್ಮ ಕಷ್ಟಕ್ಕೆ ಬಳಸಿಕೊಳ್ಳುವುದು ಈ ಸೀಮೆಯಲ್ಲಿ ಅಷ್ಟು ಹಳೆಯದು.

ಆದರೆ ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. 'ಎಲ್ಲಾ ದೇವರೂ ಒಂದೇ ಬಿಡ್ರಿ' ಅಂದು ಮುಗಿಸಿಬಿಡುತ್ತಾರೆ. ನಾನು ಹಾಗೆ ಹೇಳುವುದಿಲ್ಲ, ಯಾಕೆಂದರೆ ಆಯಾ ಧರ್ಮದವರೇ ಹಾಗೆ ಹೇಳುವುದಿಲ್ಲ. 'ದೇವನೊಬ್ಬ ನಾಮ ಹಲವು' ಅನ್ನುವ ಬಸವಣ್ಣನವರ ಸಾಲನ್ನೇ ನೋಡಿ. ಸೌಹಾರ್ದದ ಭಾಷಣ ಇದ್ದಲ್ಲೆಲ್ಲ ಇದನ್ನು ಹೇಳುತ್ತಾರೆ, ಬ್ಯಾನರ್ ಮೇಲೂ ಬರೆಸುತ್ತಾರೆ. ಮುಂದಿನ ಸಾಲನ್ನು ಯಾರೂ ಬರೆಸುವುದಿಲ್ಲ. ಪರಮ ಪತಿವ್ರತೆಗೆ ಗಂಡನೊಬ್ಬ, ಮತ್ತೊಂದಕ್ಕೆರಗಿದರೆ ಕಿವಿ ಮೂಗ ಕೊಯ್ವನು ಎಂದು ಆ ವಚನ ಮುಂದುವರಿಯುತ್ತದೆ. ಹಲವು ದೈವದ ಎಂಜಲು ತಿನ್ನುವವರನ್ನು ಬೈದು ಮುಗಿಯುತ್ತದೆ. ಅಂದರೆ ನಿಮ್ಮ ನಾದಿನಿ ಹೇಳುವುದಕ್ಕೆ ಆಧಾರ ಇಲ್ಲ ಅಂತಲ್ಲ. ಲಿಂಗ ಕಟ್ಟಿಕೊಂಡವರಿಗೆ ಇಷ್ಟಲಿಂಗ ಒಂದೇ ಅನ್ನುವುದು ಶರಣರ ನಿಲುವು.

ಉಳಿದ ಕಡೆಯೂ ಹೀಗೇ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಚರ್ಚಿಗೆ ಕುಂಕುಮ ಇಟ್ಟವರು, ವಿಭೂತಿ ಹಚ್ಚಿದವರು ಎಲ್ಲರೂ ಹೋಗುತ್ತಾರೆ. ಮೇಣದಬತ್ತಿ ಹಚ್ಚಲು ಯಾರಿಗೂ ಅಡ್ಡಿ ಇಲ್ಲ. ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಮಾತ್ರ ಬೇರೆ, ಅದು ಜ್ಞಾನಸ್ನಾನ (ಬ್ಯಾಪ್ಟಿಸಂ) ಆದ ಕ್ಯಾಥೊಲಿಕರಿಗೆ ಮಾತ್ರ. ನಮ್ಮವರು ಗುಡಿ ಪ್ರಸಾದ ಅಂದುಕೊಂಡು ಸಾಲಲ್ಲಿ ನಿಂತು ಬಲಗೈ ಚಾಚುತ್ತಾರೆ, ಪಾದ್ರಿಗಳು ಮುಜುಗರದಿಂದ ಹಣೆ ಮುಟ್ಟಿ ಹರಸಿ ಕಳಿಸುತ್ತಾರೆ. ದರ್ಗಾಕ್ಕೆ ಹೋಗುವುದು ಸರಿಯೋ ತಪ್ಪೋ ಅನ್ನುವುದರ ಬಗ್ಗೆ ಮುಸ್ಲಿಮರಲ್ಲೇ ಎರಡು ಮಾತಿದೆ. ದೇವರಿಗೆ ಸಮಾನರಾಗಿ ಇನ್ನೊಬ್ಬರನ್ನು ಇಡುವುದು ಅವರಲ್ಲಿ ಅತಿ ದೊಡ್ಡ ತಪ್ಪು. ಉಸಿರು ನೋಡುವ ಧ್ಯಾನ ಧರ್ಮದ ಗೊಡವೆ ಇಲ್ಲದ್ದು ಅನ್ನಿಸುತ್ತದೆ, ಅಲ್ವಾ? ಅದನ್ನೇ ಹತ್ತು ದಿನದ ವಿಪಶ್ಯನ ಶಿಬಿರದಲ್ಲಿ ಕಲಿಯಲು ಹೋದರೆ, ಅಲ್ಲಿರುವಷ್ಟು ದಿನ ಜಪ, ಪೂಜೆ, ದಾರ, ತಾಯಿತ ಎಲ್ಲ ಬದಿಗಿಡಬೇಕು. ಲಿಂಗಧಾರಿಗೆ ಅದು ಸಣ್ಣ ವಿಷಯ ಅಲ್ಲ. ಹೋಗುವ ಯೋಚನೆ ಇದ್ದರೆ ಅಲ್ಲಿ ಹೋಗಿ ಒದ್ದಾಡಬೇಡಿ, ಮುಂಚೆಯೇ ಕೇಳಿ ತಿಳಿದುಕೊಳ್ಳಿ.

ಹಾಗಾದರೆ ನಮ್ಮ ಹಿರಿಯರು ಹೇಗೆ ನಿಭಾಯಿಸಿದರು? ನನ್ನ ಅಜ್ಜಿಯ ಕಥೆ ಹೇಳುತ್ತೇನೆ. ಜಗಳೂರು ಕಡೆಯ ಹಳ್ಳಿ. ಮೊಹರಂ ಬಂತೆಂದರೆ ಅಜ್ಜಿ ಹಣೆ ತುಂಬ ವಿಭೂತಿ ಬಳಿದುಕೊಂಡು, ಸ್ಟೀಲ್ ಡಬ್ಬಿಯಲ್ಲಿ ಸಕ್ಕರೆ ತುಂಬಿಕೊಂಡು, ನನ್ನ ಕೈ ಹಿಡಿದು ಪೀರಲ ದೇವರ ಮುಂದೆ ಹೋಗಿ ನಿಲ್ಲುತ್ತಿದ್ದಳು. ಮುಜಾವರರು ಸಕ್ಕರೆ ಮೇಲೆ ಪ್ರಾರ್ಥನೆ ಓದಿ, ಒಂದು ಚಿಟಿಕೆ ತೆಗೆದುಕೊಂಡು ಡಬ್ಬಿ ವಾಪಸ್ ಕೊಡುತ್ತಿದ್ದರು. ಮನೆಗೆ ಬಂದ ಮೇಲೆ ಆ ಡಬ್ಬಿ ದೇವರ ಜಗಲಿ ಹತ್ತುತ್ತಿರಲಿಲ್ಲ. ಅಡುಗೆಮನೆ ಗೂಡಿನಲ್ಲಿ ಕೂರುತ್ತಿತ್ತು. ಅಲ್ಲಿಂದಲೇ ನಮಗೆಲ್ಲ ಹಂಚಿಕೆ. ನಾನು ಯಾಕೆ ಅಂತ ಕೇಳಿದ್ದಕ್ಕೆ 'ಅದು ಅವರದ್ದು, ಇದು ನಮ್ಮದು, ಎರಡಕ್ಕೂ ಜಾಗ ಐತಿ' ಅಂದಳು. ಅಷ್ಟೇ. ಒಂದು ವರ್ಷ ಕಾಲು ನೋವೆಂದು ಅವಳು ಹೋಗಲೇ ಇಲ್ಲ. ಪಕ್ಕದ ಮನೆಯ ಹುಡುಗ ಕೆಂಪು ಲಾಡಿ ಹಾಕಿಕೊಂಡು ಫಕೀರ ಆಗಿದ್ದ, ಅವನ ಕೈಯಲ್ಲೇ ಸಕ್ಕರೆ ಕಳಿಸಿ ಆರಾಮಾಗಿ ಮಲಗಿದಳು.

ನಿಮಗೂ ಅಜ್ಜಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅವಳಿಗೆ ತನ್ನದು ಯಾವುದು, ತಾನು ಅತಿಥಿಯಾಗಿ ಹೋಗುವ ಜಾಗ ಯಾವುದು ಅನ್ನುವುದು ಗೊತ್ತಿತ್ತು. ತಪ್ಪಿದರೆ ತಪ್ಪಿತು, ರಾತ್ರಿ ನಿದ್ದೆ ಬರುತ್ತಿತ್ತು. ನಾಲ್ಕನ್ನೂ ಒಂದೇ ಜಗಲಿಗೆ ಹತ್ತಿಸಿ, ನಾಲ್ಕಕ್ಕೂ ಹಾಜರಿ ಹಾಕುವ ಕೆಲಸ ಅವಳಿಗೆ ಇರಲಿಲ್ಲ.

ನೀವು ಅಲ್ಲಿಗೆ ಹೇಗೆ ಬಂದು ಮುಟ್ಟಿದಿರಿ ಅನ್ನುವುದು ನನಗೆ ಅರ್ಥವಾಗುತ್ತದೆ. ಆಸ್ಪತ್ರೆ ಹೊರಗೆ ಕೂತವರ ಕೈಯಲ್ಲಿ ಮಾಡಲು ಏನೂ ಇರುವುದಿಲ್ಲ. ಹರಕೆ ಹೊತ್ತರೆ ಏನೋ ಒಂದು ಮಾಡಿದ ಹಾಗಾಗುತ್ತದೆ. ಮನೆಯವರು ಹುಷಾರಾಗಿ ಬಂದ ಮೇಲೆ ಯಾರಿಂದ ಉಳಿದರು ಅನ್ನುವುದು ಗೊತ್ತಾಗಲಿಲ್ಲ, ಅದಕ್ಕೆ ಯಾವುದನ್ನೂ ಬಿಡಲು ಧೈರ್ಯ ಬರಲಿಲ್ಲ. ನಾಲ್ಕು ಡಾಕ್ಟರ ಔಷಧಿ ಒಟ್ಟಿಗೆ ನುಂಗಿ ವಾಸಿಯಾದವರು ನಾಲ್ಕೂ ಚೀಟಿಯನ್ನು ಜೋಪಾನ ಮಾಡುವುದಿಲ್ಲವೇ, ಹಾಗೆ. ಅಲ್ಲಿಯವರೆಗೆ ಕೃತಜ್ಞತೆ ಇತ್ತು. ಆಮೇಲೆ ಯಾವುದೋ ಒಂದು ದಿನದಿಂದ ಅದು ಕಂತು ಕಟ್ಟುವ ಹಾಗಾಯಿತು. ಒಂದು ಕಂತು ತಪ್ಪಿದರೆ ಕೊಟ್ಟಿದ್ದನ್ನು ವಾಪಸ್ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ.

ಈ ಭಯಕ್ಕೆ ವೈದ್ಯದಲ್ಲಿ ಹೆಸರಿದೆ, ಗೀಳು ರೋಗ. ಪತ್ರ ಓದಿ ರೋಗ ನಿರ್ಧರಿಸುವುದು ಸರಿಯಲ್ಲ, ಅದನ್ನು ಮನೋವೈದ್ಯರು ಮುಖಾಮುಖಿ ನೋಡಿಯೇ ಹೇಳಬೇಕು. ಆದರೆ ನೀವು ಬರೆದದ್ದು ಅದರ ಕಡೆಗೇ ಬೊಟ್ಟು ಮಾಡುತ್ತದೆ. ಬೇಡವಾದ ಯೋಚನೆ ನುಗ್ಗುವುದು, ಅದನ್ನು ಅಳಿಸಲು ಒಂದು ಕ್ರಿಯೆ, ತೃಪ್ತಿ ಆಗದೆ ಮತ್ತೆ ಅದೇ ಕ್ರಿಯೆ, ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸಮಯ, ಕೆಲಸಕ್ಕೆ ತೊಂದರೆ. ಜೀವಮಾನದಲ್ಲಿ ನೂರರಲ್ಲಿ ಒಬ್ಬಿಬ್ಬರಿಗೆ ಈ ಕಾಯಿಲೆ ಬರುತ್ತದೆ. ಕೆಲವರಲ್ಲಿ ಅದು ಕೈ ತೊಳೆಯುವುದಕ್ಕೆ ಅಂಟಿಕೊಳ್ಳುತ್ತದೆ, ಕೆಲವರಲ್ಲಿ ಬಾಗಿಲ ಚಿಲಕಕ್ಕೆ, ಕೆಲವರಲ್ಲಿ ದೇವರಿಗೆ. ಒಂದೇ ದೇವರನ್ನು ನಂಬುವವರಿಗೂ ಬರುತ್ತದೆ, ಹಾಗಾಗಿ ಇದಕ್ಕೆ ಬೆರಕೆ ಕಾರಣ ಅಲ್ಲ. ನಾಸ್ತಿಕರಿಗೂ ಬಿಟ್ಟಿದ್ದಲ್ಲ, ಅವರು ಗ್ಯಾಸ್ ಆಫ್ ಮಾಡಿದ್ದೇನಾ ಅಂತ ಹತ್ತು ಸಲ ನೋಡುತ್ತಾರೆ.

ಇನ್ನೊಂದು ಸಂಗತಿ ನಿಮಗೆ ಸಮಾಧಾನ ಕೊಡಬಹುದು. ಧರ್ಮಗಳಿಗೇ ಈ ಕಾಯಿಲೆಯ ಗುರುತು ಬಹಳ ಹಿಂದಿನಿಂದ ಇದೆ. ನಮಾಜಿಗೆ ಮುಂಚೆ ಕೈಕಾಲು ತೊಳೆದದ್ದು ಸಾಲಲಿಲ್ಲ ಎಂದು ಮತ್ತೆ ಮತ್ತೆ ತೊಳೆಯುವುದನ್ನು ಮುಸ್ಲಿಮರು ವಸ್ವಾಸ ಅನ್ನುತ್ತಾರೆ. ಕ್ಯಾಥೊಲಿಕ್ ಗುರುಗಳಿಗೆ ಅದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸುವ ಭಕ್ತರು ಗೊತ್ತು. ನಮ್ಮ ಮನೆಗಳಲ್ಲಿ ಮಡಿ ಹುಚ್ಚು ಅನ್ನುತ್ತೇವೆ. ಮೌಲ್ವಿಗಳೂ ಪಾದ್ರಿಗಳೂ ಇಂಥವರಿಗೆ ಕೊಟ್ಟುಕೊಂಡು ಬಂದ ಸಲಹೆ ಒಂದೇ: ಅನುಮಾನ ಬಂದರೆ ಬರಲಿ, ಮತ್ತೆ ಮಾಡಬೇಡ. ಇವತ್ತಿನ ಚಿಕಿತ್ಸೆ ಹೇಳುವುದೂ ಅದನ್ನೇ.

ಚಿಕಿತ್ಸೆ ಹೀಗಿರುತ್ತದೆ. ಪೂಜೆಯ ನಡುವೆ ಕೆಟ್ಟ ಯೋಚನೆ ಬಂತು. ಬರಲಿ. ಅದನ್ನು ಓಡಿಸಬೇಡಿ, ಪೂಜೆಯನ್ನು ಮೊದಲಿಂದ ಶುರು ಮಾಡಬೇಡಿ. ಎದ್ದು ಕಾಫಿ ಮಾಡಿ. ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಅರ್ಧ ಗಂಟೆ, ಮುಕ್ಕಾಲು ಗಂಟೆ ಯಮಯಾತನೆ ಅನ್ನಿಸಬಹುದು. ಆಮೇಲೆ ತಾನಾಗಿ ಇಳಿಯುತ್ತದೆ. ಹೀಗೆ ದಿನಾ ಮಾಡಿದರೆ ಏರುವ ಎತ್ತರ ಕಮ್ಮಿಯಾಗುತ್ತಾ ಬರುತ್ತದೆ. ಇದನ್ನು ಒಬ್ಬರೇ ಮಾಡುವುದು ಕಷ್ಟ, ತರಬೇತಿ ಇರುವ ಮನಶ್ಶಾಸ್ತ್ರಜ್ಞರ ಜೊತೆ ಹಂತ ಹಂತವಾಗಿ ಮಾಡಬೇಕು. ಜಾಸ್ತಿ ಇದ್ದರೆ ಮನೋವೈದ್ಯರು ಮಾತ್ರೆ ಕೊಡುತ್ತಾರೆ. ಅದು ನಿದ್ದೆ ಮಾತ್ರೆ ಅಲ್ಲ, ಚಟ ಹಿಡಿಯುವಂಥದ್ದೂ ಅಲ್ಲ. ಸರಿಯಾಗಿ ಕೆಲಸ ಮಾಡಲು 8ರಿಂದ 12 ವಾರ ಬೇಕು. ಮೂರನೇ ವಾರಕ್ಕೆ 'ಏನೂ ಆಗಲಿಲ್ಲ' ಎಂದು ಬಿಡುವವರೇ ಬಹಳ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಮೊದಲು ಫೋನಿನಲ್ಲಿ ಮಾತಾಡೋಣ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಧ್ಯಾನವನ್ನು ಈಗ ಹತ್ತು ನಿಮಿಷಕ್ಕಿಂತ ಹೆಚ್ಚು ಮಾಡಬೇಡಿ. ಭಯ ಏರಿರುವಾಗ ಗಂಟೆಗಟ್ಟಲೆ ಕಣ್ಣುಮುಚ್ಚಿ ಕೂರುವುದು ಕೆಲವರಲ್ಲಿ ಅದನ್ನು ಇನ್ನಷ್ಟು ಕೆದಕುತ್ತದೆ. ನಾನು ನೋಡಿದ್ದೇನೆ. ಹತ್ತು ದಿನದ ಶಿಬಿರವಂತೂ ಸದ್ಯಕ್ಕೆ ಬೇಡವೇ ಬೇಡ. ಮುಂದೆ ಯಾವಾಗಾದರೂ ಹೋದರೆ ಅರ್ಜಿಯಲ್ಲಿ ನಿಮ್ಮ ಸ್ಥಿತಿ, ಮಾತ್ರೆ ಎಲ್ಲ ಮುಚ್ಚಿಡದೆ ಬರೆಯಿರಿ.

ಈಗ, ಒಂದನ್ನೇ ಆರಿಸಿಕೊಳ್ಳಬೇಕೇ ಅನ್ನುವ ಪ್ರಶ್ನೆ. ಇವತ್ತೇ ಆರಿಸಬೇಡಿ ಅನ್ನುವುದು ನನ್ನ ಮೊದಲ ಮಾತು. ಭಯದಲ್ಲಿ ಹೊತ್ತ ಹರಕೆಯ ಹಾಗೇ ಭಯದಲ್ಲಿ ಬಿಟ್ಟ ದೇವರೂ ರಾತ್ರಿ ಕಾಡುತ್ತಾರೆ. ಭಯ ಇಳಿದ ಮೇಲೆ ದಾರಿಗಳಿವೆ. ಅಜ್ಜಿಯ ದಾರಿ ಒಂದು: ಲಿಂಗಪೂಜೆ ನಿಮ್ಮದು, ಉಳಿದವು ವರ್ಷಕ್ಕೊಮ್ಮೆ ಪ್ರೀತಿಯಿಂದ ಹೋಗಿಬರುವ ಜಾಗಗಳು. ನನಗೆ ಕಂಡಂತೆ ಹೆಚ್ಚಿನವರಿಗೆ ಇದೇ ಒಗ್ಗುತ್ತದೆ. ಇದರಲ್ಲೂ ತೊಡಕಿಲ್ಲ ಅಂತಲ್ಲ, ಕಟ್ಟುನಿಟ್ಟಿನ ನೆಂಟರು ವಚನ ಹೇಳಿ ಚುಚ್ಚುತ್ತಾರೆ, ಕೇಳಿಸಿಕೊಳ್ಳಬೇಕು. ನಾಲ್ಕನ್ನೂ ದಿನಾ ಮಾಡುತ್ತೇನೆ ಅನ್ನುವುದಾದರೂ ತಪ್ಪಲ್ಲ, ಆದರೆ ನಿಮ್ಮಂಥ ಮನಸ್ಸಿಗೆ ಅದು ಜಾರುವ ನೆಲ. ಒಂದು ಕಂತು ನಾಲ್ಕಾಗಲು, ನಾಲ್ಕು ಆರಾಗಲು ಹೊತ್ತು ಬೇಕಿಲ್ಲ. ಬರೀ ಇಷ್ಟಲಿಂಗ ಸಾಕು ಎಂದು ಉಳಿದದ್ದನ್ನು ಬಿಡುವುದು ಶರಣರ ದಾರಿ, ಅಲ್ಲೂ ನಿಮಗೆ ಜಾಗ ಇದೆ. ಕೊನೆಯದು ಪೂರ್ತಿ ಇನ್ನೊಂದು ಧರ್ಮಕ್ಕೆ ಹೋಗುವುದು. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ.

ಹೋಗಿಬರುವುದಕ್ಕೂ ಮಾತು ಕೊಡುವುದಕ್ಕೂ ವ್ಯತ್ಯಾಸ ಇದೆ ಅನ್ನುವುದು ಮಾತ್ರ ನೆನಪಿರಲಿ. ಮೇಣದಬತ್ತಿ ಹಚ್ಚಿದರೆ ಯಾರೂ ಕ್ರೈಸ್ತರಾಗುವುದಿಲ್ಲ, ಜ್ಞಾನಸ್ನಾನ ಪಡೆದರೆ ಆಗುತ್ತಾರೆ. ಬುದ್ಧನ ಮೂರ್ತಿ ಮನೆಯಲ್ಲಿಡುವುದು ಬೇರೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೋಧಿಸಿದ 22 ಪ್ರತಿಜ್ಞೆ ತೆಗೆದುಕೊಳ್ಳುವುದು ಬೇರೆ. ಅದರಲ್ಲಿ ಹಿಂದೂ ದೇವರನ್ನು ಪೂಜಿಸುವುದಿಲ್ಲ ಎಂದು ಬಾಯಿಬಿಟ್ಟೇ ಹೇಳಬೇಕು. ಧರ್ಮ ಬದಲಿಸಿದರೆ ಪರಿಶಿಷ್ಟ ಜಾತಿಯ ಮಾನ್ಯತೆ ಹೋಗುತ್ತದೆಯೇ ಎಂದು ಚಳ್ಳಕೆರೆ, ಹೊಸದುರ್ಗ ಕಡೆಯಿಂದ ಬರುವ ಹುಡುಗರು ಕೇಳುತ್ತಿರುತ್ತಾರೆ, ಅವರಿಗೂ ಇಲ್ಲೇ ಹೇಳಿಬಿಡುತ್ತೇನೆ. 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು. ಈ ಮೂರರ ಹೊರಗಿನ ಧರ್ಮಕ್ಕೆ ಮತಾಂತರವಾದರೆ ಆ ಮಾನ್ಯತೆ ಹೋಗುತ್ತದೆ. ಚರ್ಚಿಗೋ ದರ್ಗಾಕ್ಕೋ ಕೈಮುಗಿಯಲು ಹೋಗಿಬಂದರೆ ಹೋಗುವುದಿಲ್ಲ.

ಜ್ಯೋತಿಷಿಗೆ 11 ಸಾವಿರ ಕೊಡಬೇಡಿ. ದೇವರುಗಳ ಜಗಳ ಬಿಡಿಸಲು ಮನುಷ್ಯರಿಗೆ ಕಮಿಷನ್ ಯಾಕೆ? ದುಡ್ಡಿನ ಮಾತಷ್ಟೇ ಅಲ್ಲ, ಪರಿಹಾರ ಅಂದರೆ ಐದನೆಯ ಕಂತು, ಅದು ನಿಮ್ಮ ಬೆಳಗಿನ ಎರಡು ಗಂಟೆಯನ್ನು ಎರಡೂವರೆ ಮಾಡುತ್ತದೆ. ಧರ್ಮದ ಅನುಮಾನ ಇದ್ದರೆ ನೀವು ಗೌರವಿಸುವ ಒಬ್ಬ ಸ್ವಾಮಿಗಳನ್ನು ಒಂದೇ ಸಲ ಕೇಳಿ. ಉತ್ತರವನ್ನು ಬರೆದಿಟ್ಟುಕೊಳ್ಳಿ. ಮತ್ತೆ ಇನ್ನೊಬ್ಬರನ್ನು ಕೇಳುವ ಆಸೆ ಬಂದರೆ ಅದು ಅನುಮಾನ ಅಲ್ಲ, ಕಾಯಿಲೆ ಮಾತಾಡುತ್ತಿದೆ ಎಂದು ತಿಳಿಯಿರಿ.

ಬಾಕಿ ಇರುವ ಚಾದರ ಕೊಟ್ಟುಬಿಡಿ. ಒಂದು ಗುರುವಾರ ತವರಿಗೆ ಹೋಗಿ, ಚಾದರ ಹಾಕಿಸಿ, ಊಟ ಮಾಡಿ ಬನ್ನಿ. ಸರಿಯಾಗಿ ಹಾಕಿದರೋ ಇಲ್ಲವೋ, ಬಣ್ಣ ಇದೇ ಆಗಿತ್ತೋ ಅಂತ ಬಸ್ಸಿನಲ್ಲಿ ತಲೆ ಕೊರೆಯುತ್ತದೆ. ಕೊರೆಯಲಿ. ವಾಪಸ್ ಹೋಗಬೇಡಿ.

ಮಗಳ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅದೇ ಎಲ್ಲಕ್ಕಿಂತ ಅವಸರದ್ದು. 'ನಾವು ಯಾರು' ಅನ್ನುವುದಕ್ಕೆ ಉತ್ತರ ಸುಲಭ. ನಾವು ಲಿಂಗಾಯತರು, ಅಪ್ಪನಿಗೆ ಹುಷಾರಿಲ್ಲದಾಗ ಇವರೆಲ್ಲರ ಹತ್ತಿರವೂ ಬೇಡಿಕೊಂಡಿದ್ದೆ, ಅದಕ್ಕೇ ಇವರನ್ನೂ ನೆನೆಯುತ್ತೇನೆ ಎಂದು ಹೇಳಿ. 12 ವರ್ಷದವಳಿಗೆ ಅಷ್ಟು ಅರ್ಥವಾಗುತ್ತದೆ. ನನಗೆ ಚಿಂತೆ ಇರುವುದು ಮೇಣದಬತ್ತಿಯ ಬಗ್ಗೆ. ಆರಿಸಿದ್ದಕ್ಕೇ ಜ್ವರ ಬಂತು ಎಂದು ನೀವು ನಂಬಿದ್ದೀರಿ. ಅದನ್ನು ಅವಳ ಎದುರೇ ಯಾರಾದರೂ ಆಡಿದ್ದರೆ ಅವಳೂ ನಂಬಿರುತ್ತಾಳೆ.

ಟೈಫಾಯಿಡ್ ರೋಗಾಣು ಹೊಟ್ಟೆಗೆ ಹೋದ ಮೇಲೆ ಜ್ವರ ಕಾಣಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಜ್ವರಕ್ಕೆ ನಾಲ್ಕು ದಿನ ಮುಂಚೆ ಅವಳು ಊದುವಾಗಲೇ ಅದು ಬಹುತೇಕ ಒಳಗಿತ್ತು. ಗೋಡೆಯ ಕ್ಯಾಲೆಂಡರ್ ಇಳಿಸಿ ಅವಳ ಜೊತೆ ಕೂತು ಹಿಂದಕ್ಕೆ ದಿನ ಎಣಿಸಿ. ಆ ವಾರ ಎಲ್ಲಿ ಪಾನಿಪುರಿ ತಿಂದಿದ್ದಳು ಅನ್ನುವುದು ಅವಳಿಗೇ ನೆನಪಿರುತ್ತದೆ.